ಗುರುಪೀಠಕ್ಕೆ ಬೆಲೆ ಕಟ್ಟಿದರೆ ಮಕ್ಕಳ ಗತಿಯೇನು?



ವೀರಶೈವ ಧರ್ಮದ ಅಷ್ಟಾವರಣಗಳನ್ನು ಎಣಿಸುವಾಗ ಮೊದಲು ಬರುವ ಹೆಸರು ಗುರು. ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದಗಳೆಲ್ಲ ಅನಂತರ ಬರುತ್ತವೆ. ಇಷ್ಟಲಿಂಗವನ್ನು ಅಂಗೈಗೆ ಕರುಣಿಸುವವನೇ ಗುರುವಾದ್ದರಿಂದ, ಗುರುವಿಲ್ಲದೆ ಉಳಿದ ಏಳಕ್ಕೂ ದಾರಿ ತೆರೆಯದು ಎಂದು ಹಿರಿಯರು ತಿಳಿದಿದ್ದರು. ದೀಕ್ಷೆ ಕೊಡುವ ಗುರು ಬೇರೆ, ಅಕ್ಷರ ಕಲಿಸುವ ಗುರು ಬೇರೆ ಎಂದು ಪಂಡಿತರು ವಿಂಗಡಿಸಬಹುದು. ಆದರೆ ಹಳ್ಳಿಯ ತಾಯಿಯೊಬ್ಬಳು ಮಗುವನ್ನು ಮೊದಲ ದಿನ ಶಾಲೆಯ ಹೊಸ್ತಿಲಿಗೆ ಕರೆತಂದು "ಮಾಸ್ತರರ ಪಾದ ಮುಟ್ಟಿ ನಮಸ್ಕಾರ ಮಾಡಪ್ಪಾ" ಎನ್ನುವಾಗ ಈ ಭೇದ ಆಕೆಗೆ ತೋರುವುದಿಲ್ಲ. ತನ್ನ ಮಗುವಿನ ಬಾಳನ್ನು ಇವರ ಕೈಗೆ ಒಪ್ಪಿಸಿದೆ ಎಂಬುದಷ್ಟೇ ಆಕೆಗೆ ಗೊತ್ತು.

ಆ ಕೈ ಎಂಥದ್ದು, ಆ ಕುರ್ಚಿಯಲ್ಲಿ ಕುಳಿತವರು ಯಾವ ದಾರಿಯಿಂದ ಬಂದು ಕುಳಿತರು ಎಂಬ ಪ್ರಶ್ನೆಯನ್ನು ಇಂದು ನಾವು ನಿಮ್ಮೆಲ್ಲರ ಮುಂದೆ ಇಡಬೇಕಾಗಿದೆ. ರಾಜಕಾರಣದ ಮಾತು ಮಠದ ಪೀಠಕ್ಕೆ ಏಕೆ ಎಂದು ಕೆಲವರು ಕೇಳಿಯಾರು. ಮಕ್ಕಳ ವಿದ್ಯೆ ಯಾವ ಪಕ್ಷದ ಆಸ್ತಿಯೂ ಅಲ್ಲ. ಅದು ಧರ್ಮದ ವಿಷಯ. ಆದ್ದರಿಂದಲೇ ಮಾತನಾಡುತ್ತಿದ್ದೇವೆ.

ಭ್ರಷ್ಟಾಚಾರ ಎಲ್ಲಿಯೂ ಕೆಟ್ಟದ್ದೇ. ಆದರೆ ಶಾಲೆಯೊಳಗೆ ನುಗ್ಗಿದ ಭ್ರಷ್ಟಾಚಾರಕ್ಕೆ ಒಂದು ವಿಶೇಷ ಕ್ರೌರ್ಯವಿದೆ. ಕಳಪೆಯಾಗಿ ಹಾಕಿದ ರಸ್ತೆಯನ್ನು ಮುಂದಿನ ವರ್ಷ ಅಗೆದು ಮತ್ತೆ ಹಾಕಬಹುದು. ಒಡೆದ ಕಾಲುವೆಯನ್ನು ಕಟ್ಟಬಹುದು. ಎಂಟು ವರ್ಷದ ಮಗು ಓದಲು ಕಲಿಯದೆ ಕಳೆದ ಒಂದು ವರ್ಷವನ್ನು ಯಾವ ಸರ್ಕಾರವೂ ಹಿಂದಕ್ಕೆ ತಂದುಕೊಡಲಾರದು. ಇನ್ನೊಂದು ಮಾತು. ರಸ್ತೆಯ ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಗುವಿನ ತಲೆಯಲ್ಲಿ ಉಳಿದ ಗುಂಡಿ ಹತ್ತು ವರ್ಷ ಯಾರಿಗೂ ಕಾಣುವುದಿಲ್ಲ. ಅದು ಕಾಣುವ ಹೊತ್ತಿಗೆ ಕದ್ದವರು ನಿವೃತ್ತರಾಗಿ ಮನೆ ಸೇರಿರುತ್ತಾರೆ.

ಈ ಪಿಡುಗು ಶಾಲೆಯನ್ನು ಹಲವು ಬಾಗಿಲುಗಳಿಂದ ಪ್ರವೇಶಿಸುತ್ತದೆ. ಮೊದಲನೆಯದು ನೇಮಕಾತಿಯ ಬಾಗಿಲು.

ಹರಿಯಾಣ ರಾಜ್ಯದಲ್ಲಿ 1999–2000ರಲ್ಲಿ 3,206 ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕ ನಡೆಯಿತು. ಸಂದರ್ಶನದಲ್ಲಿ ಅರ್ಹತೆಯ ಮೇಲೆ ಸಿದ್ಧವಾಗಿದ್ದ ಪಟ್ಟಿಯನ್ನು ಬದಿಗಿಟ್ಟು, ಅಂಕಗಳನ್ನು ತಿದ್ದಿದ ಬೇರೊಂದು ಪಟ್ಟಿಯನ್ನು ತಂದಿಟ್ಟರು. ಪ್ರಕರಣ ನ್ಯಾಯಾಲಯದಲ್ಲಿ ಬಹುಕಾಲ ನಡೆದು, 2013ರ ಜನವರಿಯಲ್ಲಿ ಆ ರಾಜ್ಯದ ಮಾಜಿ ಮುಖ್ಯಮಂತ್ರಿ ಓಂ ಪ್ರಕಾಶ್ ಚೌಟಾಲ ಅವರೂ ಸೇರಿ 55 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಚೌಟಾಲ ಅವರಿಗೆ ಹತ್ತು ವರ್ಷಗಳ ಸೆರೆವಾಸವಾಯಿತು. ತೀರ್ಪು ಬರುವ ಹೊತ್ತಿಗೆ ಆ ನೇಮಕಾತಿಯ ವರ್ಷ ಒಂದನೇ ತರಗತಿಗೆ ಸೇರಿದ್ದ ಮಕ್ಕಳು ಮೀಸೆ ಮೂಡಿದ ಯುವಕರಾಗಿದ್ದರು.

ಪಶ್ಚಿಮ ಬಂಗಾಳದ ಕಥೆ ಇನ್ನೂ ದಾರುಣವಾದದ್ದು. ಅಲ್ಲಿ 2016ರಲ್ಲಿ ಶಾಲಾ ಸೇವಾ ಆಯೋಗದ ಮೂಲಕ ಶಿಕ್ಷಕರೂ ಸಿಬ್ಬಂದಿಯೂ ಸೇರಿ 25,000ಕ್ಕೂ ಹೆಚ್ಚು ಮಂದಿಯ ಆಯ್ಕೆ ನಡೆಯಿತು. 2022ರಲ್ಲಿ ಮಾಜಿ ಶಿಕ್ಷಣ ಸಚಿವರ ಬಂಧನವಾಯಿತು. ತನಿಖೆಯಲ್ಲಿ ಕೋಟಿಗಟ್ಟಲೆ ನಗದು ದೊರೆಯಿತು. 2024ರ ಏಪ್ರಿಲ್‌ನಲ್ಲಿ ಕಲ್ಕತ್ತಾ ಹೈಕೋರ್ಟು ಇಡೀ ಆಯ್ಕೆಯನ್ನು ರದ್ದುಗೊಳಿಸಿತು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮೂಲ ಉತ್ತರ ಪತ್ರಿಕೆಗಳೇ ಉಳಿದಿರಲಿಲ್ಲವಾದ್ದರಿಂದ ಆಯ್ಕೆಯ ಕ್ರಮವೇ ಸರಿಪಡಿಸಲಾಗದಷ್ಟು ಕೆಟ್ಟಿದೆ ಎಂದು ನ್ಯಾಯಾಲಯ ಕಂಡಿತು. ಇದರ ಪರಿಣಾಮವನ್ನು ಸದ್ಭಕ್ತರು ಗಮನಿಸಬೇಕು. ಹಣ ಕೊಡದೆ ರಾತ್ರಿಯಿಡೀ ಓದಿ ಪರೀಕ್ಷೆ ಗೆದ್ದವನೂ ಹಣ ಕೊಟ್ಟವನ ಜೊತೆಯಲ್ಲೇ ಕೆಲಸ ಕಳೆದುಕೊಂಡ. ಅಂಥವರು ಹೊಸ ಆಯ್ಕೆಯಾಗುವ ತನಕ ಕೆಲಕಾಲ ಪಾಠ ಮಾಡಬಹುದು ಎಂಬ ಸಣ್ಣ ಸಮಾಧಾನ ಮಾತ್ರ ಸಿಕ್ಕಿತು. ಒಂದು ಕೊಡ ಹಾಲಿಗೆ ಒಂದು ಹನಿ ಹುಳಿ ಬಿದ್ದರೆ ಕೆಡುವುದು ಆ ಹನಿಯಷ್ಟೇ ಹಾಲಲ್ಲ, ಇಡೀ ಕೊಡ.

ಇದೆಲ್ಲ ಪರರಾಜ್ಯದ ಮಾತೆಂದು ನಾವು ಮೈಮರೆಯುವಂತಿಲ್ಲ. ನಮ್ಮ ಕರ್ನಾಟಕದಲ್ಲಿಯೇ 2022ರಲ್ಲಿ, ಕೆಲವು ವರ್ಷಗಳ ಹಿಂದೆ ನಡೆದಿದ್ದ ಪ್ರೌಢಶಾಲಾ ಶಿಕ್ಷಕರ ನೇಮಕದಲ್ಲಿ ಅಕ್ರಮವಾಗಿದೆ ಎಂಬ ಆರೋಪದ ಮೇಲೆ ಸಿಐಡಿ ತನಿಖೆ ನಡೆಯಿತು. ಹಲವು ಶಿಕ್ಷಕರನ್ನೂ ಇಲಾಖೆಯ ಕೆಲವು ಅಧಿಕಾರಿಗಳನ್ನೂ ಬಂಧಿಸಿದರು. ತಾವು ಪಾಠ ಮಾಡುತ್ತಿದ್ದ ಊರಿನಲ್ಲಿ ಮಕ್ಕಳ ಮುಂದೆ ಅವರ ಗುರುಗಳನ್ನು ಪೊಲೀಸರು ವಿಚಾರಿಸುವ ದಿನ ಬಂದಿತಲ್ಲ ಎಂದು ಆಗ ನಮ್ಮ ಮನಸ್ಸು ನೊಂದಿತು.

ಒಂದು ಹುದ್ದೆ ಮಾರಾಟವಾದರೆ ಏನಾಗುತ್ತದೆ ಎಂಬುದನ್ನು ಶಾಂತವಾಗಿ ಲೆಕ್ಕ ಹಾಕೋಣ. ಕಡ್ಡಾಯ ಶಿಕ್ಷಣ ಕಾಯ್ದೆಯಂತೆ ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ. ಒಬ್ಬ ಶಿಕ್ಷಕ 30 ವರ್ಷ ಸೇವೆ ಮಾಡಿ, ವರ್ಷಕ್ಕೆ 30 ಹೊಸ ಮಕ್ಕಳನ್ನು ಕೈಗೆತ್ತಿಕೊಂಡರೆ 900 ಮಕ್ಕಳಾದರು. ಲಂಚ ಪಡೆದವನು ಒಂದು ಕುರ್ಚಿ ಮಾರಿದೆ ಎಂದುಕೊಂಡಿರುತ್ತಾನೆ. ಅವನು ಮಾರಿದ್ದು ಒಂದು ದೊಡ್ಡ ಊರಿನಷ್ಟು ಮಕ್ಕಳ ಭವಿಷ್ಯವನ್ನು. ಇನ್ನು ಕೊಂಡವನಿಗೆ ಹೊಲ ಮಾರಿ, ಸಾಲ ಮಾಡಿ ಕೊಟ್ಟ ಹಣ ಬಡ್ಡಿ ಸಮೇತ ಹಿಂದೆ ಬರಬೇಕು. ಅವನ ಮನಸ್ಸು ಪಾಠದ ಮೇಲಿರುವುದಕ್ಕಿಂತ ಸಾಲದ ಮೇಲಿರುತ್ತದೆ. ಅವನು ಶಾಲೆಗೆ ಬಾರದಿದ್ದರೆ ಕೇಳುವವರಾರು? ಕೇಳಬೇಕಾದ ಅಧಿಕಾರಿಯ ಜೇಬಿಗೆ ಇವನ ಹಣ ಆಗಲೇ ಸೇರಿದೆ. ಉಂಡ ಬಾಯಿ ಗದರಲಾರದು.

ಎರಡನೆಯ ಬಾಗಿಲು ಗೈರುಹಾಜರಿಯದು. ವಿಶ್ವಬ್ಯಾಂಕ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ನಮ್ಮ ದೇಶದ ಇಪ್ಪತ್ತು ರಾಜ್ಯಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ನೋಡಿದಾಗ, ನಾಲ್ವರು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿಯೇ ಇರಲಿಲ್ಲ. ಪಾಠ ಮಾಡುತ್ತಿದ್ದವರು ಅರ್ಧಕ್ಕಿಂತ ಕಡಿಮೆ. ಇದರಲ್ಲಿ ಶಿಕ್ಷಕರದ್ದೇ ಎಲ್ಲ ತಪ್ಪೆಂದು ಹೇಳಿದರೆ ಅದು ಅಧರ್ಮವಾದೀತು. ಜನಗಣತಿ, ಚುನಾವಣೆ ಮುಂತಾದ ಕೆಲಸಗಳಿಗೆ ಅವರನ್ನು ಎಳೆದೊಯ್ಯುವುದನ್ನು ನಾವು ಬಲ್ಲೆವು. ತಮ್ಮ ಸಂಬಳದ ಹಣದಿಂದ ಬಡಮಕ್ಕಳಿಗೆ ಪುಸ್ತಕ, ಪಾಟಿ ಕೊಡಿಸಿದ ಮಾಸ್ತರರನ್ನೂ ಅಕ್ಕೋರರನ್ನೂ ಬಲ್ಲೆವು. ಅಂಥವರಿಗೆ ನಮ್ಮ ಶರಣು. ಆದರೆ ಕಾರಣವಿಲ್ಲದೆ ಗೈರಾಗಿಯೂ ತಿಂಗಳ ಕೊನೆಗೆ ಪೂರ್ತಿ ಸಂಬಳ ಎಣಿಸಿಕೊಳ್ಳುವುದನ್ನು ಕಳವು ಎನ್ನದೆ ಬೇರೇನೆನ್ನುವುದು? ಕಾಯಕವಿಲ್ಲದ ಕೂಲಿ ಪ್ರಸಾದವಾಗಲಾರದು.

ಮೂರನೆಯದು ಹಣ ಮತ್ತು ಸಾಮಗ್ರಿಯ ಬಾಗಿಲು. ಇಲ್ಲಿ ದೂರದ ಒಂದು ದೇಶದ ನಿದರ್ಶನವನ್ನು ಹೇಳುತ್ತೇವೆ, ಏಕೆಂದರೆ ಅದರಲ್ಲಿ ರೋಗವೂ ಇದೆ, ಮದ್ದೂ ಇದೆ. ಆಫ್ರಿಕಾ ಖಂಡದ ಉಗಾಂಡ ನಮ್ಮಂತೆಯೇ ಪರರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದೇಶ. ಅಲ್ಲಿನ ಕೇಂದ್ರ ಸರ್ಕಾರ ಪ್ರತಿಯೊಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ಶಾಲೆಗಳಿಗೆ ಅನುದಾನ ಬಿಡುಗಡೆ ಮಾಡುತ್ತಿತ್ತು. 1991ರಿಂದ 1995ರವರೆಗಿನ ಲೆಕ್ಕವನ್ನು 250 ಶಾಲೆಗಳಲ್ಲಿ ಕುಳಿತು ಪರಿಶೀಲಿಸಿದಾಗ ತಿಳಿದದ್ದೇನೆಂದರೆ, ರಾಜಧಾನಿಯಿಂದ ಹೊರಟ ನೂರು ರೂಪಾಯಿಯಲ್ಲಿ ಸರಾಸರಿ ಹದಿಮೂರು ರೂಪಾಯಿ ಮಾತ್ರ ಶಾಲೆಗೆ ಮುಟ್ಟಿತ್ತು. ಹೆಚ್ಚಿನ ಶಾಲೆಗಳಿಗೆ ಏನೂ ಮುಟ್ಟಿರಲಿಲ್ಲ. ಉಳಿದದ್ದು ನಡುವಿನ ಜಿಲ್ಲಾ ಕಚೇರಿಗಳಲ್ಲಿ ಇಂಗಿಹೋಗಿತ್ತು. ಓದು ಬರಹ ಬಲ್ಲ, ಕೇಳುವ ಧೈರ್ಯವಿದ್ದ ಜನರಿದ್ದ ಊರಿನ ಶಾಲೆಗೆ ಒಂದಿಷ್ಟು ಹೆಚ್ಚು ಬಂದಿತ್ತು. ಬಡವರ ಊರಿನ ಶಾಲೆಗೆ ಇನ್ನೂ ಕಡಿಮೆ.

ಅನಂತರ ಆ ಸರ್ಕಾರ ಒಂದು ಸರಳ ಕ್ರಮ ಕೈಗೊಂಡಿತು. ಯಾವ ಜಿಲ್ಲೆಗೆ ಯಾವ ತಿಂಗಳು ಎಷ್ಟು ಹಣ ಕಳುಹಿಸಿದೆ ಎಂಬುದನ್ನು ದಿನಪತ್ರಿಕೆಗಳಲ್ಲಿ ಪ್ರಕಟಿಸಿತು. ಬಂದ ಹಣದ ವಿವರವನ್ನು ಶಾಲೆಯ ಗೋಡೆಯ ಮೇಲೆ ಬರೆದು ಹಾಕಬೇಕೆಂದು ವಿಧಿಸಿತು. ಕೆಲವೇ ವರ್ಷಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹಣ ಶಾಲೆ ಮುಟ್ಟತೊಡಗಿತು. ಪತ್ರಿಕೆಯ ಪ್ರಕಟಣೆಯೊಂದರಿಂದಲೇ ಇಷ್ಟೂ ಆಯಿತೆನ್ನಲಾಗದು, ಅದೇ ಕಾಲಕ್ಕೆ ಹಣ ಬಿಡುಗಡೆಯ ಇತರ ಕ್ರಮಗಳೂ ಬದಲಾಗಿದ್ದವು ಎಂದು ಆಮೇಲೆ ವಿಮರ್ಶಿಸಿದವರಿದ್ದಾರೆ. ಅದನ್ನೂ ಒಪ್ಪೋಣ. ಆದರೂ ಕತ್ತಲಲ್ಲಿ ನಡೆಯುವ ಕೆಲಸಕ್ಕೆ ದೀಪ ಹಿಡಿದರೆ ಕೈ ಹಿಂದೆ ಸರಿಯುತ್ತದೆ ಎಂಬ ಮೂಲ ಸತ್ಯ ಅದರಿಂದ ಸುಳ್ಳಾಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಶಾಲಾ ಮಕ್ಕಳ ಬಿಸಿಯೂಟದ ಯೋಜನೆಗೆ ಸರ್ಕಾರ ಇಟ್ಟ ಹೆಸರು 'ಅಕ್ಷರ ದಾಸೋಹ'. 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಮೊದಲಾಗಿ ಅದು ನಾಡಿಗೆಲ್ಲ ಹರಡಿತು. ದಾಸೋಹ ಎಂಬ ಶಬ್ದ ಶರಣರು ನಮಗೆ ಬಿಟ್ಟುಹೋದ ನಿಧಿ. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ತಿಳಿದು ಕೊಡುತ್ತಾನೆ. ಅಂಥ ಹೆಸರು ಹೊತ್ತ ಅಕ್ಕಿ, ಬೇಳೆ, ಎಣ್ಣೆಯ ಚೀಲದಿಂದ ಯಾರಾದರೂ ಒಂದು ಸೇರು ಕದ್ದರೆ ಅವರು ಕದ್ದದ್ದು ಸರ್ಕಾರದ ಮಾಲನ್ನಲ್ಲ, ಹಸಿದ ಕೂಸಿನ ತಟ್ಟೆಯ ಪ್ರಸಾದವನ್ನು. ಕದಿಯುವ ಕೈ ಒಂದಾದರೆ ನೋಡಿಯೂ ನೋಡದಿರುವ ಕಣ್ಣು ಇನ್ನೊಂದು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಅಸುನೀಗಿದರು. ಅಡುಗೆಗೆ ಬಂದ ಪದಾರ್ಥವನ್ನು ಪರೀಕ್ಷಿಸುವ, ಬಡಿಸುವ ಮುನ್ನ ರುಚಿ ನೋಡುವ ಕರ್ತವ್ಯ ಕಾಗದದ ಮೇಲೆ ಉಳಿದರೆ ಏನಾದೀತೆಂಬುದಕ್ಕೆ ಆ ಕಂದಮ್ಮಗಳು ಸಾಕ್ಷಿಯಾದರು.

ನಾಲ್ಕನೆಯದು ಪರೀಕ್ಷೆಯ ಬಾಗಿಲು. 2016ರಲ್ಲಿ ನಮ್ಮ ರಾಜ್ಯದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಯಿತು. ಮರುಪರೀಕ್ಷೆಗೆಂದು ಸಿದ್ಧಪಡಿಸಿದ ಪತ್ರಿಕೆಯೂ ಬಯಲಾಯಿತು. ಮಕ್ಕಳು ಬೀದಿಗಿಳಿದು ಕಣ್ಣೀರಿಟ್ಟರು. ಕೊನೆಗೆ ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಹದಿನೇಳು ವರ್ಷದ ಹುಡುಗ ಇದರಿಂದ ಕಲಿತ ಪಾಠ ಯಾವುದು? ಓದಿದವನಿಗಿಂತ ಕೊಂಡವನೇ ಜಾಣ ಎಂಬುದು. ಪುಸ್ತಕದ ಪಾಠವನ್ನು ಅವನು ಮರೆತಾನು, ಈ ಪಾಠವನ್ನು ಮರೆಯಲಾರ. ನಾಳೆ ಅವನೇ ಅಧಿಕಾರಿಯಾಗಿ ಮೇಜಿನ ಆಚೆ ಕುಳಿತಾಗ ಅದನ್ನೇ ನಡೆಸುತ್ತಾನೆ. ಹೀಗೆ ಶಾಲೆಯೇ ಭ್ರಷ್ಟಾಚಾರದ ಬಿತ್ತನೆ ಬೀಜದ ಹೊಲವಾಗುತ್ತದೆ.

ಇಷ್ಟೆಲ್ಲದರ ಹೊರೆ ಬೀಳುವುದು ಯಾರ ಹೆಗಲ ಮೇಲೆ? ಸ್ವಲ್ಪ ಅನುಕೂಲವಿದ್ದವರು ಸರ್ಕಾರಿ ಶಾಲೆಯನ್ನು ತೊರೆದು ಮಕ್ಕಳನ್ನು ವ್ಯಾನು ಹತ್ತಿಸಿ ಪೇಟೆಯ ಶಾಲೆಗೆ ಕಳುಹಿಸುತ್ತಾರೆ. ಉಳಿಯುವುದು ಕೂಲಿಯವರ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು. ಕೇಳುವ ಬಾಯಿಗಳು ಊರ ಶಾಲೆಯನ್ನು ಬಿಟ್ಟುಹೋದ ಮೇಲೆ ಅಲ್ಲಿ ಕದಿಯುವುದು ಇನ್ನೂ ಸುಲಭ. ಖಾಸಗಿ ಶಾಲೆಯೇ ಇದಕ್ಕೆ ಪರಿಹಾರವೆನ್ನುವವರು ಒಂದು ಸಂಗತಿ ನೆನೆಯಬೇಕು. ಪ್ರವೇಶಕ್ಕೆ ವಂತಿಗೆ ಕೀಳುವ ಪಿಡುಗನ್ನು ತಡೆಯಲು ಕರ್ನಾಟಕದಲ್ಲಿ 1984ರಲ್ಲಿಯೇ ಕಾಯ್ದೆಯಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಂತಿಗೆಯನ್ನು ಖಂಡಿಸಿದಾಗಲೂ ಆ ವ್ಯಾಜ್ಯ ಹುಟ್ಟಿದ್ದು ನಮ್ಮದೇ ರಾಜ್ಯದಲ್ಲಿ. ಬಾಗಿಲ ಮೇಲೆ ಖಾಸಗಿ ಎಂದು ಬರೆದ ಮಾತ್ರಕ್ಕೆ ಒಳಗೆ ಸದಾಚಾರ ನೆಲೆಸುವುದಿಲ್ಲ. ಈ ಮಾತು ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳಿಗೂ ಅನ್ವಯಿಸುತ್ತದೆ. ಹಾನಗಲ್ಲ ಕುಮಾರ ಶಿವಯೋಗಿಗಳು ಊರೂರು ಸುತ್ತಿ ಜೋಳಿಗೆ ಹಿಡಿದದ್ದು ಸಮಾಜದ ಮಕ್ಕಳು ಓದಲೆಂದು. ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಅವರ ಹೆಸರು ಹೇಳುವ ಸಂಸ್ಥೆಗಳು ಬಡವನ ಮಗನಿಗೆ ಬಾಗಿಲು ಮುಚ್ಚಿದರೆ ಆ ಜೋಳಿಗೆಗೆ ಎಸಗಿದ ದ್ರೋಹವಾಗುತ್ತದೆ.

ಎಲ್ಲರೂ ತಿನ್ನುವಾಗ ನಾವೊಬ್ಬರು ಬಿಟ್ಟರೆ ಏನಾದೀತು ಎಂಬ ಮಾತು ಈಗ ಗಾದೆಯಂತೆ ಚಾಲ್ತಿಯಲ್ಲಿದೆ. ಇದಕ್ಕೆ ಹನ್ನೆರಡನೆಯ ಶತಮಾನದಲ್ಲಿಯೇ ಉತ್ತರ ಸಿಕ್ಕಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಪತ್ನಿ ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ದಿನದ ಅಗತ್ಯಕ್ಕಿಂತ ಹೆಚ್ಚಾಯಿತು, ತಂದಲ್ಲಿಯೇ ಇಟ್ಟು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಗುಡಿಸಲಲ್ಲಿ ನಾಳೆಗೆ ಕೂಡಿಟ್ಟ ಕಾಳಿರಲಿಲ್ಲ ಎಂಬುದನ್ನು ನೆನೆಯಿರಿ. ಇಂದು ಲಂಚದ ಹಣ ಮನೆಗೆ ಬಂದಾಗ ಎಲ್ಲಿಂದ ಬಂತು ಎಂದು ಕೇಳುವ ಲಕ್ಕಮ್ಮ ಪ್ರತಿ ಅಧಿಕಾರಿಯ ಮನೆಯಲ್ಲೂ ಇದ್ದಿದ್ದರೆ ನಾಡಿಗೆ ಇಷ್ಟು ತನಿಖಾ ಸಂಸ್ಥೆಗಳು ಬೇಕಾಗುತ್ತಿರಲಿಲ್ಲ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ರಾಜ್ಯದ ಹಣವನ್ನು ಜಂಗಮ ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದರೆಂದೂ, ಬಿಜ್ಜಳ ಭಂಡಾರವನ್ನು ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಪವಾಡವೆಂದು ಕೇಳಿ ಕೈಮುಗಿಯುತ್ತಾರೆ. ನಾವು ಇದರಲ್ಲಿ ಇನ್ನೊಂದು ಅರ್ಥವನ್ನೂ ಕಾಣುತ್ತೇವೆ. ಲೆಕ್ಕ ಕೇಳಿದಾಗ ಬಸವಣ್ಣನವರು ಸಿಟ್ಟಾಗಲಿಲ್ಲ, ನನ್ನನ್ನೇ ಸಂಶಯಿಸುವಿರಾ ಎನ್ನಲಿಲ್ಲ, ಭಂಡಾರದ ಬಾಗಿಲು ತೆರೆದಿಟ್ಟರು. ಸಾರ್ವಜನಿಕ ಹಣ ಹಿಡಿದವನಿಗೆ ಇದೇ ಶೀಲ. ಲೆಕ್ಕ ಕೇಳುವುದು ಅಪಮಾನವಲ್ಲ, ಲೆಕ್ಕ ಮುಚ್ಚುವುದು ಅಪಮಾನ.

ಆದ್ದರಿಂದ ನಿರಾಶರಾಗುವ ಕಾರಣವಿಲ್ಲ. ವ್ಯವಸ್ಥೆ ಸರಿಯಾದರೆ ಫಲ ಸಿಗುತ್ತದೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನಗಳಿವೆ. ವೃತ್ತಿಶಿಕ್ಷಣದ ಸೀಟುಗಳಿಗೆ 1994ರಲ್ಲಿ ಸಿಇಟಿ ವ್ಯವಸ್ಥೆ ಬಂದ ಮೇಲೆ ಎಷ್ಟೋ ಬಡ ರೈತರ ಮಕ್ಕಳು ಯಾರ ಕಾಲೂ ಹಿಡಿಯದೆ ವೈದ್ಯರೂ ಎಂಜಿನಿಯರುಗಳೂ ಆದರು. ಶಿಕ್ಷಕರ ವರ್ಗಾವಣೆಗೆಂದೇ 2007ರಲ್ಲಿ ಪ್ರತ್ಯೇಕ ಕಾಯ್ದೆಯಾಗಿ, ಎಲ್ಲರೆದುರು ಕೌನ್ಸೆಲಿಂಗ್ ನಡೆಸಿ ಸ್ಥಳ ಕೊಡುವ ಕ್ರಮ ಬಂದಿತು. ಅಧಿಕಾರಿಯ ಇಚ್ಛೆಗೆ ಬಿಟ್ಟದ್ದನ್ನು ನಿಯಮಕ್ಕೆ ಒಪ್ಪಿಸಿದಷ್ಟೂ ಲಂಚಕ್ಕೆ ಎಡೆ ಕಡಿಮೆಯಾಗುತ್ತದೆ.

ಇನ್ನು ಊರ ಹಿರಿಯರಿಗೆ ನಮ್ಮ ಕೆಲವು ಮಾತುಗಳು. ನಿಮ್ಮೂರ ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಎಂಬ ಸಮಿತಿಯಿದೆ. 2001ರಿಂದ ನಮ್ಮ ರಾಜ್ಯದಲ್ಲಿ ಈ ವ್ಯವಸ್ಥೆಯಿದೆ. 2010ರಲ್ಲಿ ಜಾರಿಗೆ ಬಂದ ಕಡ್ಡಾಯ ಶಿಕ್ಷಣ ಕಾಯ್ದೆಯಂತೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಸ್ಥಾನವನ್ನು ಪಕ್ಷದ ಜಗಳಕ್ಕೆ ಬಿಡಬೇಡಿ. ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಕುಳಿತುಕೊಳ್ಳಿ. ಎಷ್ಟು ಅನುದಾನ ಬಂತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಗೋಡೆಯ ಮೇಲೆ ಬರೆಸಿ. ಬಿಸಿಯೂಟವನ್ನು ನೀವೂ ಒಂದು ತುತ್ತು ಉಂಡು ನೋಡಿ. ಮಗು ಮನೆಗೆ ಬಂದಾಗ ಪುಸ್ತಕ ಕೊಟ್ಟು ಒಂದು ಸಾಲು ಓದಿಸಿ. ಉತ್ತರ ಸಿಗದ ಕಡೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕದ ಅರ್ಜಿಗೆ ಮೂವತ್ತು ದಿನದೊಳಗೆ ಉತ್ತರ ಕೊಡುವುದು ಅಧಿಕಾರಿಯ ಬಾಧ್ಯತೆ. ಹಗೆ ಸಾಧಿಸಲು ಅದನ್ನು ಬಳಸಬೇಡಿ, ಮಕ್ಕಳ ಹಿತಕ್ಕೆ ಬಳಸಿ. ನಿಮ್ಮ ಶಾಲೆಯಲ್ಲಿ ಒಳ್ಳೆಯ ಶಿಕ್ಷಕರಿದ್ದರೆ ಜಾತ್ರೆಯ ದಿನ ಕರೆದು ಎಲ್ಲರೆದುರು ಶಾಲು ಹೊದಿಸಿ. ಕಳ್ಳನನ್ನು ಹಿಡಿಯುವುದಷ್ಟೇ ಸಾಲದು, ಸಜ್ಜನನನ್ನು ಒಂಟಿಯಾಗಿ ಬಿಡಬಾರದು.

ಮಗನಿಗೆ ಮಾಸ್ತರಿಕೆ ಕೊಡಿಸಿ, ಮಗಳ ವರ್ಗಾವಣೆಗೆ ಮಂತ್ರಿಗಳಿಗೆ ಒಂದು ಮಾತು ಹೇಳಿ ಎಂದು ಮಠಕ್ಕೆ ಬರುವ ಭಕ್ತರಿದ್ದಾರೆ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ನಮ್ಮ ಒಂದು ಶಿಫಾರಸಿನಿಂದ ಒಬ್ಬರಿಗೆ ದೊರೆತ ಸ್ಥಾನ, ಹೇಳುವವರಿಲ್ಲದ ಇನ್ನೊಬ್ಬ ಬಡವನ ಕೈಯಿಂದ ಕಿತ್ತದ್ದಾಗಿರುತ್ತದೆ. ಆಶೀರ್ವಾದ ಬೇಡಿ ಬನ್ನಿ, ಮನಸಾರೆ ಹರಸುತ್ತೇವೆ. ಶಿಫಾರಸು ಪತ್ರ ಬೇಡಿ ಬರಬೇಡಿ. ಹೊಲ ಮಾರಿ ನೌಕರಿ ಕೊಳ್ಳುವೆ ಎನ್ನುವ ತಂದೆಗೂ ಇದೇ ಮಾತು. ಕೊಡುವ ಕೈ ಇಲ್ಲದಿದ್ದರೆ ಬೇಡುವ ಕೈ ಎಷ್ಟು ಕಾಲ ಚಾಚಿಕೊಂಡಿದ್ದೀತು?

ನಮ್ಮ ಪಂಚಾಚಾರಗಳಲ್ಲಿ ಸದಾಚಾರ ನ್ಯಾಯವಾಗಿ ದುಡಿದು ಬದುಕಲು ಹೇಳುತ್ತದೆ. ಭೃತ್ಯಾಚಾರ ತಾನು ಎಲ್ಲರ ಸೇವಕನೆಂದು ನಡೆಯಲು ಕಲಿಸುತ್ತದೆ. ಸರ್ಕಾರಿ ನೌಕರನಿಗೆ ಇವೆರಡಕ್ಕಿಂತ ಹಿರಿದಾದ ಸೇವಾ ನಿಯಮ ಬೇಕಿಲ್ಲ. ಗಣಾಚಾರವೆಂದರೆ ಅನ್ಯಾಯ ಕಂಡಲ್ಲಿ ಸುಮ್ಮನಿರದಿರುವುದು. ಇದು ಪ್ರಜೆಗಳಾದ ನಿಮ್ಮ ಪಾಲಿನ ಆಚಾರ. ಗಣಾಚಾರವೆಂದರೆ ಕೋಲು ಹಿಡಿಯುವುದಲ್ಲ, ಊರ ಶಾಲೆಯ ಅಂಗಳದಲ್ಲಿ ನಿಂತು ಲೆಕ್ಕ ತೋರಿಸಿ ಎಂದು ನಯವಾಗಿ, ಆದರೆ ಹೆದರದೆ ಕೇಳುವುದೂ ಗಣಾಚಾರವೇ.

ಗುರುಪೀಠ ಬಿಕರಿಯಾಗದಿರಲಿ, ಕಂದಮ್ಮಗಳ ಅನ್ನಕ್ಕೂ ಅಕ್ಷರಕ್ಕೂ ಕನ್ನ ಬೀಳದಿರಲಿ, ನಾಡಿನ ಪ್ರತಿ ಮಗುವೂ ತನ್ನ ಹೆಸರನ್ನು ತಾನೇ ಬರೆದು ತಲೆಯೆತ್ತಿ ನಡೆಯಲಿ ಎಂದು ಜಗದ್ಗುರು ಪಂಚಾಚಾರ್ಯರನ್ನೂ ಬಸವಾದಿ ಶರಣರನ್ನೂ ಸ್ಮರಿಸಿ ಹಾರೈಸುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ.